ಮೊದಲ ಮೂರು ಸೆಕೆಂಡು

ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ,
ತುದಿ ಎಂಜಿನ್ನಿನ ಪಕ್ಕೆಗೆ.
ಈಗ ಕೀಲಿ ತಿರುಗಿಸಿ ದಂಗುವೊಲೆ, ಎಂದೆ.

ಮರಿಯಾಂಪೊಲೆಯಲ್ಲಿ ಆ ಬೆಳಿಗ್ಗೆ
ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ರಾತ್ರಿಯೆಲ್ಲ ತಳಕ್ಕಿಳಿದು
ಚಳಿಗಾಲದ ಜೇನಿನಂತೆ ಮಂದವಾದ ಎಣ್ಣೆ
ಮೇಲೇರಲು ಇನ್ನೂ ಮನಸ್ಸು ಮಾಡಿರಲಿಲ್ಲ,
ಅಷ್ಟರಲ್ಲೇ ಶುರು:
ತಗಡಿನ ಡಬ್ಬಿಯಲ್ಲಿ ಅಂಗಿಗುಂಡಿಗಳನ್ನು
ಯಾರೋ ಕುಲುಕಿದ ಸದ್ದು.
ಒಂದು. ಎರಡು. ಮೂರು.
ಆಮೇಲೆ ಏನೂ ಆಗಿಲ್ಲವೆಂಬಂತೆ
ಬಲು ಸಭ್ಯವಾಗಿ ಓಡತೊಡಗಿತು.

"ಇಷ್ಟೇ ನೋಡಿ. ಮತ್ತೆ ದಿನವಿಡೀ ಸುಮ್ಮನಿರುತ್ತದೆ."
ಆ ಸುಮ್ಮನಿರುವುದೇ ರೋಗ, ಎನ್ನಬೇಕೆಂದಿದ್ದೆ.
ಅನ್ನಲಿಲ್ಲ.

ಗಾಡಿಯ ಪುಸ್ತಕದಲ್ಲಿರುವುದು:
ನಾಲ್ಕು ಸಿಲಿಂಡರು,
ಸಾವಿರದ ಇನ್ನೂರು ಸಿಸಿಗೆ ಮೂರು ಕಡಿಮೆ,
ಮುಷ್ಟಿಯಷ್ಟು ಟರ್ಬೊ,
ನೂರೈದು ಕುದುರೆ, ಅಷ್ಟಕ್ಕೂ ಮೇವು ತೊಂಬತ್ತೈದರ ಪೆಟ್ರೋಲು,
ಎಣ್ಣೆ ಮೂರೂವರೆ ಲೀಟರಿಗೆ ಒಂದು ಗುಟುಕು ಹೆಚ್ಚು,
ಟೈಮಿಂಗ್ ಚೈನು: ಜೀವಮಾನಕ್ಕೆ ಒಂದೇ, ಬದಲಿಸಬೇಕಿಲ್ಲ.

ಯಾರ ಜೀವಮಾನ ಎಂದು ಬರೆದಿಲ್ಲ.

ನನ್ನ ಕೈ ಓದಿದ ಪುಸ್ತಕ ಬೇರೆ.
ಚೈನು ಹಿಗ್ಗುತ್ತದೆ; ಅದನ್ನು ಬಿಗಿಹಿಡಿದ ಟೆನ್ಷನರು
ಎಣ್ಣೆ ಬರುವ ತನಕ ಕೈಚೆಲ್ಲಿ ಕೂತಿರುತ್ತದೆ.
ಪಿಸ್ಟನ್ನಿನ ಉಂಗುರ ದಾಟಿ ನುಸುಳಿದ ಎಣ್ಣೆ
ಹಿಂದಿನ ಕೊಳವೆಯಲ್ಲಿ ನೀಲಿಯಾಗಿ ಹೋಗುತ್ತದೆ.
ಪೆಟ್ರೋಲು ನೇರ ಒಳಕೋಣೆಗೇ ಚಿಮ್ಮುವುದರಿಂದ
ವಾಲ್ವುಗಳ ಬೆನ್ನು ತೊಳೆಯುವವರಿಲ್ಲ,
ಒಲೆ ಹಿಂದಿನ ಗೋಡೆಯಂತೆ ಮಸಿ ಕಟ್ಟುತ್ತವೆ.
ಒದ್ದೆ ನವೆಂಬರಿನಲ್ಲಿ ಒಂದು ಕಾಯಿಲು ಬಿಕ್ಕಳಿಸುತ್ತದೆ.
ಅವೆಲ್ಲ ಬಿಡಿ, ಬದುಕಬಹುದು.
ಚೈನು ಎರಡು ಹಲ್ಲು ಜಾರಿತೋ,
ಪಿಸ್ಟನ್ನು ಓಡೋಡಿ ಮೇಲೆ ಬಂದಾಗ
ವಾಲ್ವು ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ.

ಅಂಚೆ ಹಂಚುವವಳು. ಹಳ್ಳಿಹಳ್ಳಿಯ ಗೇಟಿನ ಮುಂದೆ
ಆರಿಸಿ, ಹೊತ್ತಿಸಿ, ಆರಿಸಿ, ಹೊತ್ತಿಸಿ.
"ಒಂದು ಲಕ್ಷ ಮೂವತ್ತೈದು ಸಾವಿರವೂ ಆಗಿಲ್ಲ," ಎಂದಳು,
"ಇಷ್ಟು ಬೇಗವೇ?"

ಬಿಚ್ಚಿದೆ.
ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ತೂಗುಹಾಕಿದರೆ
ಹಳೆಯದು ಆರು ಮಿಲಿಮೀಟರು ಕೆಳಗೆ.
ಇದು ಮೀಟರು ಹೇಳುವ ವಯಸ್ಸಲ್ಲ.

ಆಗ ಕಂಡಿತು, ಏರ್ ಫಿಲ್ಟರಿನ ಮುಚ್ಚಳದ ಒಳಮೈಗೆ
ಎಣ್ಣೆ ಬದಲಿಸಿದ ಹಳದಿ ಚೀಟಿ: 98,400.
ಕೊಕ್ಕೆಯಂಥ ಆ ಒಂಬತ್ತು
ಪ್ರಪಂಚದಲ್ಲಿ ನಾನೊಬ್ಬನೇ ಬರೆಯುವುದು.

ಎಯ್ಮೂಟಿಸನ ಅಂಗಳ. ನನಗೆ ಹತ್ತೊಂಬತ್ತು.
ಮಂಡಿಯ ಮೇಲೆ ಲ್ಯಾಪ್‌ಟಾಪು, ಸ್ಟಿಯರಿಂಗಿನ ಕೆಳಗೊಂದು ಕೇಬಲ್ಲು,
ನಾಲ್ಕು ನಿಮಿಷ, ಗಾಡಿಗೆ ಮೂವತ್ತು ಲಿತಾಸ್.
ಬೆಲ್ಜಿಯಮ್ಮಿನ ಯಾವನದೋ ಒಂದು ಲಕ್ಷ ನಲವತ್ತು ಸಾವಿರ ಕಿಲೋಮೀಟರು
ಅಳಿಸಿಹಾಕಿ ಸಿಗರೇಟು ಹಚ್ಚಿದ್ದೆ.
ಅವನ ಪಾಳಿಗಳು, ಅವನ ಸಮುದ್ರದಂಡೆ,
ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ್ದ ರಾತ್ರಿಯೂ ಇತ್ತೇನೋ.
ಮೀಟರು ಮರೆಯಿತು.
ಚೈನು ಕೊಂಡಿ ಕೊಂಡಿಯಲ್ಲಿ
ಕೂದಲೆಳೆಯಷ್ಟು ಬರೆದಿಟ್ಟುಕೊಂಡಿತ್ತು.

ಸಂಜೆ ಬಂದಳು.
ಹೊಸ ಚೀಟಿ ಅಂಟಿಸಿದ್ದೆ, ಹಳೆಯದರ ಪಕ್ಕದಲ್ಲೇ: 2,74,900.
ಹಳೆಯದನ್ನು ಕೀಳಬಹುದಿತ್ತು. ಉಗುರು ತಾಕಿಸಿಯೂ ಇದ್ದೆ.
ವಿಳಾಸ ತಪ್ಪಿದ ಲಕೋಟೆಗಳನ್ನು ನೋಡುವವಳ ಕಣ್ಣು;
ಒಂದು ಚೀಟಿಯಿಂದ ಇನ್ನೊಂದಕ್ಕೆ ಹೋಯಿತು,
ಒಂಬತ್ತರಿಂದ ಒಂಬತ್ತಕ್ಕೆ.

ಕೂಲಿ ಬೇಡ, ಸಾಮಾನಿನ ದುಡ್ಡು ಸಾಕು, ಎಂದೆ.
ಎಣಿಸಿ ಪೂರ್ತಿ ಕೊಟ್ಟಳು, ಕೂಲಿಯನ್ನೂ.
"ಆ ಹಳೇ ಚೈನು ಕೊಡು."
ಅಂಚೆಚೀಲಕ್ಕೆ ಇಳಿಬಿಟ್ಟುಕೊಂಡಳು,
ಸುತ್ತಿಕೊಟ್ಟ ಕಾಗದವನ್ನು ಬೆಂಚಿನ ಮೇಲೇ ಬಿಟ್ಟು.

ಕೀಲಿ ತಿರುಗಿಸಿದಳು.
ಗುಂಡಿಗಳ ಡಬ್ಬಿ ಕುಲುಕಲಿಲ್ಲ.
ಆ ಮೂರು ಸೆಕೆಂಡು
ಗರಾಜಿನಲ್ಲಿ ಗದ್ದಲ ಮಾಡಿದ್ದು ನನ್ನ ಎದೆಯೊಂದೇ.